ಮುಗಿಯದ ವಿಚಾರಣೆ, ಮುಗಿಯುವ ಅಧಿಕಾರಾವಧಿ: ಯುದ್ಧಾಪರಾಧ ನ್ಯಾಯಮಂಡಳಿಯ ನ್ಯಾಯಾಧೀಶರ ಸೇವಾ ವಿಸ್ತರಣೆಯ ಕಥೆ

ಬೋಸ್ನಿಯಾದ ಸರ್ಬ್ ಸೇನೆಯ ಮುಖ್ಯಸ್ಥನಾಗಿದ್ದ ರಾಟ್ಕೊ ಮ್ಲಾಡಿಚ್‌ಗೆ ಜೀವಾವಧಿ ಶಿಕ್ಷೆ ವಿಧಿಸಿ ಹೇಗ್ ನಗರದ ಅಂತಾರಾಷ್ಟ್ರೀಯ ಯುದ್ಧಾಪರಾಧ ನ್ಯಾಯಮಂಡಳಿಯು ತೀರ್ಪು ನೀಡಿದ್ದು 2017ರ ನವೆಂಬರ್ 22ರಂದು. ತೀರ್ಪು ಓದಿದ ಪೀಠದ ನ್ಯಾಯಾಧೀಶರ ಅಧಿಕಾರಾವಧಿ ಮುಗಿಯಲು ಆಗ ಉಳಿದಿದ್ದುದು ಎಂಟೇ ದಿನ. 2012ರ ಮೇ 16ರಂದು ಆರಂಭವಾಗಿ 530 ದಿನಗಳ ಕಲಾಪ ಕಂಡ ಮೊಕದ್ದಮೆಯದು. ಪೀಠದ ಅಧ್ಯಕ್ಷ, ನೆದರ್ಲೆಂಡ್ಸ್‌ನ ಆಲ್ಫನ್ಸ್ ಓರಿ ಅವರು 2001ರಲ್ಲಿ ನಾಲ್ಕು ವರ್ಷದ ಅವಧಿಗೆಂದು ಬಂದವರು. ಹದಿನಾರು ವರ್ಷ ಅದೇ ಕಟ್ಟಡದಲ್ಲಿ ಕಳೆದಿದ್ದರು. ನಡುವಿನ ವರ್ಷಗಳಲ್ಲಿ ಅವರನ್ನೂ ಅವರ ಸಹೋದ್ಯೋಗಿಗಳನ್ನೂ ಪೀಠದ ಮೇಲೆ ಉಳಿಸಿದ್ದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಒಂದರ ಹಿಂದೊಂದರಂತೆ ಅಂಗೀಕರಿಸಿದ ವಿಸ್ತರಣಾ ನಿರ್ಣಯಗಳು.

ಇಂಥ ನಿರ್ಣಯಗಳು ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿದುಹೋಗುತ್ತವೆ. ಆದರೆ ಅವುಗಳ ಹಿಂದಿರುವ ಪ್ರಶ್ನೆ ಸಣ್ಣದಲ್ಲ. ಸಾಕ್ಷಿಗಳ ಹೇಳಿಕೆಯನ್ನು ಕಿವಿಯಾರೆ ಕೇಳಿದ ನ್ಯಾಯಾಧೀಶನೇ ತೀರ್ಪು ಬರೆಯಬೇಕೆಂಬುದು ಕ್ರಿಮಿನಲ್ ನ್ಯಾಯದ ಹಳೆಯ ನಿಯಮ. ಆ ನ್ಯಾಯಾಧೀಶನ ಅವಧಿ ನಡುವೆಯೇ ಮುಗಿದರೆ ಮಾಡುವುದೇನು? ಅವಧಿಯನ್ನು ಹೆಚ್ಚಿಸುವ ಅಧಿಕಾರ ರಾಷ್ಟ್ರಗಳ ರಾಜಕೀಯ ಸಭೆಯೊಂದರ ಕೈಯಲ್ಲಿದ್ದರೆ ಆ ನ್ಯಾಯಾಧೀಶ ಎಷ್ಟರಮಟ್ಟಿಗೆ ಸ್ವತಂತ್ರ?

ನಾಲ್ಕು ವರ್ಷದ ಲೆಕ್ಕ

ಹಿಂದಿನ ಯುಗೊಸ್ಲಾವಿಯಾಕ್ಕೆ ಸಂಬಂಧಿಸಿದ ನ್ಯಾಯಮಂಡಳಿಯನ್ನು ಭದ್ರತಾ ಮಂಡಳಿಯು 1993ರ ಮೇ 25ರಂದು 827ನೇ ನಿರ್ಣಯದ ಮೂಲಕ ಸ್ಥಾಪಿಸಿತು. ಆಗ ಬೋಸ್ನಿಯಾದಲ್ಲಿ ಯುದ್ಧ ಇನ್ನೂ ನಡೆದೇ ಇತ್ತು. ಹನ್ನೊಂದು ನ್ಯಾಯಾಧೀಶರು, ಮೂವರ ಎರಡು ವಿಚಾರಣಾ ಪೀಠ, ಐವರ ಒಂದು ಮೇಲ್ಮನವಿ ಪೀಠ. ಭದ್ರತಾ ಮಂಡಳಿ ಸಿದ್ಧಪಡಿಸಿದ ಪಟ್ಟಿಯಿಂದ ಮಹಾಸಭೆಯು ಅವರನ್ನು ಚುನಾಯಿಸಬೇಕು, ಅವಧಿ ನಾಲ್ಕು ವರ್ಷ, ಮರು ಆಯ್ಕೆಗೆ ಅವಕಾಶವುಂಟು. ಅದೇ ವರ್ಷದ ನವೆಂಬರ್ 17ರಂದು ಮೊದಲ ತಂಡ ಪ್ರಮಾಣವಚನ ಸ್ವೀಕರಿಸಿತು. ಇಟಲಿಯ ಆಂಟೋನಿಯೊ ಕಸೇಸೆ ಮೊದಲ ಅಧ್ಯಕ್ಷರಾದರು.

ಅದೇ ಹೇಗ್‌ನಲ್ಲಿರುವ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಿಗೆ ಒಂಬತ್ತು ವರ್ಷದ ಅವಧಿಯುಂಟು. ಮೇಲಾಗಿ, ಸ್ಥಾನ ತೆರವು ಮಾಡಿದ ಬಳಿಕವೂ ತಾವು ಆರಂಭಿಸಿದ ಪ್ರಕರಣವನ್ನು ಅವರೇ ಮುಗಿಸಬೇಕೆಂದು ಅದರ ಶಾಸನದ 13ನೇ ವಿಧಿ ನೇರವಾಗಿ ಹೇಳುತ್ತದೆ. ಯುಗೊಸ್ಲಾವಿಯಾ ನ್ಯಾಯಮಂಡಳಿಯ ಶಾಸನ ರಚಿಸಿದವರು ಈ ವಾಕ್ಯವನ್ನು ತಮ್ಮಲ್ಲಿ ಬರೆದುಕೊಳ್ಳಲಿಲ್ಲ. ನ್ಯಾಯಾಧೀಶರ ಸೇವಾ ಷರತ್ತುಗಳು ಅಂತಾರಾಷ್ಟ್ರೀಯ ನ್ಯಾಯಾಲಯದವರಂತೆಯೇ ಇರತಕ್ಕದ್ದು ಎಂದಷ್ಟೇ ಹೇಳಿ ಬಿಟ್ಟರು. ತಾತ್ಕಾಲಿಕ ಸಂಸ್ಥೆಗೆ ನಾಲ್ಕು ವರ್ಷ ಸಾಕೆಂಬ ಭಾವನೆ ಆಗ ಇದ್ದಿರಬೇಕು. ಆ ಒಂದು ವಾಕ್ಯದ ಕೊರತೆಯನ್ನು ತುಂಬಲು ಮುಂದಿನ ಎರಡು ದಶಕಗಳ ಕಾಲ ನಿರ್ಣಯಗಳ ಸಾಲೇ ಬೇಕಾಯಿತು.

ಎರಡನೇ ಮಹಾಯುದ್ಧದ ನಂತರದ ನ್ಯೂರೆಂಬರ್ಗ್ ಮತ್ತು ಟೋಕಿಯೊ ನ್ಯಾಯಮಂಡಳಿಗಳಿಗೆ ಈ ತೊಡಕು ಇರಲಿಲ್ಲ. ಅಲ್ಲಿನವರು ವರ್ಷಗಳ ಲೆಕ್ಕಕ್ಕೆ ಚುನಾಯಿತರಾದವರಲ್ಲ, ವಿಜಯೀ ರಾಷ್ಟ್ರಗಳು ಆ ಮೊಕದ್ದಮೆಗೆಂದೇ ನೇಮಿಸಿದವರು. ನ್ಯೂರೆಂಬರ್ಗ್‌ನಲ್ಲಿ ನಾಲ್ವರು ಸದಸ್ಯರಿಗೆ ನಾಲ್ವರು ಬದಲಿ ಸದಸ್ಯರು ಮೊದಲ ದಿನದಿಂದಲೂ ಕುಳಿತಿದ್ದರು. ನಮ್ಮ ರಾಧಾಬಿನೋದ್ ಪಾಲ್ ಅವರು ಭಿನ್ನಮತದ ತೀರ್ಪು ಬರೆದ ಟೋಕಿಯೊದಲ್ಲಿ ಅಮೆರಿಕದ ನ್ಯಾಯಾಧೀಶರು 1946ರಲ್ಲೇ ರಾಜೀನಾಮೆ ನೀಡಿದಾಗ ಆ ದೇಶ ಇನ್ನೊಬ್ಬರನ್ನು ಕಳುಹಿಸಿತು, ಅಷ್ಟೆ.

ಚೆಲೆಬಿಚಿ: ಮೊದಲ ಪರೀಕ್ಷೆ

ಮಧ್ಯ ಬೋಸ್ನಿಯಾದ ಚೆಲೆಬಿಚಿ ಎಂಬ ಗ್ರಾಮದ ಬಂದೀಖಾನೆಯಲ್ಲಿ 1992ರಲ್ಲಿ ಸರ್ಬ್ ಬಂದಿಗಳ ಮೇಲೆ ನಡೆದ ಕೊಲೆ, ಚಿತ್ರಹಿಂಸೆ, ಅತ್ಯಾಚಾರಗಳ ವಿಚಾರಣೆ 1997ರ ಮಾರ್ಚ್‌ನಲ್ಲಿ ಆರಂಭವಾಯಿತು. ಆರೋಪಿಗಳು ನಾಲ್ವರು. ಪೀಠದಲ್ಲಿದ್ದವರು ನೈಜೀರಿಯಾದ ಅಡಾಲ್ಫಸ್ ಕರಿಬಿ-ವೈಟ್, ಕೋಸ್ಟರಿಕಾದ ಎಲಿಜಬೆತ್ ಒಡಿಯೊ ಬೆನಿಟೊ ಮತ್ತು ಪಾಕಿಸ್ತಾನದ ಸಾದ್ ಸೌದ್ ಜಾನ್. ಮೂವರ ಅವಧಿಯೂ ಅದೇ ನವೆಂಬರ್‌ನಲ್ಲಿ ಕೊನೆಗೊಳ್ಳುವುದಿತ್ತು. ಮೂವರಿಗೂ ಮರು ಅವಧಿ ದೊರೆತಿರಲಿಲ್ಲ. ಇಡೀ ಪೀಠವೇ ಮೊಕದ್ದಮೆಯ ಮಧ್ಯದಲ್ಲಿ ಮಾಯವಾಗುವ ಪರಿಸ್ಥಿತಿ.

ಭದ್ರತಾ ಮಂಡಳಿಯು 1997ರ ಆಗಸ್ಟ್ 27ರಂದು 1126ನೇ ನಿರ್ಣಯದ ಮೂಲಕ, ಈ ಮೂವರು ತಮ್ಮ ಸ್ಥಾನಕ್ಕೆ ಬೇರೆಯವರು ಬಂದ ನಂತರವೂ ಚೆಲೆಬಿಚಿ ಪ್ರಕರಣವನ್ನು ಮಾತ್ರ ಮುಗಿಸಬಹುದೆಂದು ಒಪ್ಪಿಗೆ ನೀಡಿತು. 1998ರ ನವೆಂಬರ್‌ಗೆ ಮುನ್ನ ಮುಗಿಸುವ ನ್ಯಾಯಮಂಡಳಿಯ ಇರಾದೆಯನ್ನು ಗಮನಕ್ಕೆ ತೆಗೆದುಕೊಂಡಿರುವುದಾಗಿಯೂ ಅದರಲ್ಲಿ ದಾಖಲಿಸಿತು. ತೀರ್ಪು ಬಂದದ್ದು ಆ ವರ್ಷದ ನವೆಂಬರ್ 16ರಂದು. ಮೊದಲ ವಿಸ್ತರಣೆಯಲ್ಲೇ ಹೇಳಿದ ಗಡುವು ಎರಡು ವಾರ ತಪ್ಪಿತು. ಮುಂದಿನ ಗಡುವುಗಳಿಗೆ ಹೋಲಿಸಿದರೆ ಇದು ತೀರಾ ಕ್ಷುಲ್ಲಕ ವಿಳಂಬ.

ಆದರೆ ತಕರಾರು ಅಲ್ಲಿಗೆ ಮುಗಿಯಲಿಲ್ಲ. ವಿಸ್ತರಿತ ಅವಧಿಯಲ್ಲಿರುವಾಗಲೇ ಒಡಿಯೊ ಬೆನಿಟೊ ಅವರು ತಮ್ಮ ದೇಶದ ಉಪಾಧ್ಯಕ್ಷೆಯಾಗಿ ಚುನಾಯಿತರಾಗಿ, 1998ರ ಮೇ ತಿಂಗಳಲ್ಲಿ ಪ್ರಮಾಣವಚನವನ್ನೂ ಸ್ವೀಕರಿಸಿದರು. ಹೇಗ್‌ನ ಕೆಲಸ ಮುಗಿಯುವವರೆಗೆ ಸರ್ಕಾರದ ಹೊಣೆ ವಹಿಸಿಕೊಳ್ಳುವುದಿಲ್ಲವೆಂದು ಅವರು ಮುಂಚಿತವಾಗಿ ತಿಳಿಸಿದ್ದರು. ಒಂದು ದೇಶದ ಕಾರ್ಯಾಂಗದ ಎರಡನೇ ಸಾಲಿನಲ್ಲಿರುವವರು ನ್ಯಾಯಪೀಠದಲ್ಲಿ ಕೂರಬಹುದೇ ಎಂದು ಆರೋಪಿಗಳು ಪ್ರಶ್ನಿಸಿದರು. ಅವರ ದೇಶದಲ್ಲಿಯೇ ಉಪಾಧ್ಯಕ್ಷರು ನ್ಯಾಯಾಧೀಶರಾಗುವಂತಿಲ್ಲ ಎಂಬುದೂ ವಾದದಲ್ಲಿ ಸೇರಿತ್ತು. ಇದೇ ಮೇಲ್ಮನವಿಯಲ್ಲಿ ಇನ್ನೊಂದು ವಿಲಕ್ಷಣ ಆಕ್ಷೇಪವೂ ಇತ್ತು: ಪೀಠದ ಅಧ್ಯಕ್ಷ ಕರಿಬಿ-ವೈಟ್ ಅವರು ಕಲಾಪದ ವೇಳೆ ನಿದ್ರಿಸುತ್ತಿದ್ದರು ಎಂಬುದು. ಮೇಲ್ಮನವಿ ಪೀಠವು 2001ರ ಫೆಬ್ರುವರಿ 20ರ ತೀರ್ಪಿನಲ್ಲಿ ಎರಡನ್ನೂ ತಳ್ಳಿಹಾಕಿತು. ಆದರೂ ಎರಡನೆಯದರ ಬಗ್ಗೆ, ನ್ಯಾಯಾಧೀಶರಿಗೆ ಅದು ತಕ್ಕ ನಡವಳಿಕೆಯಲ್ಲ, ಆದರೆ ಆರೋಪಿಗೆ ಅದರಿಂದ ಬಾಧಕವಾಗಿದೆಯೆಂದು ಸಾಬೀತಾಗಿಲ್ಲ ಎಂಬ ಅರ್ಥದ ಮಾತನ್ನು ದಾಖಲಿಸಿತು.

ರುವಾಂಡ ನರಮೇಧದ ವಿಚಾರಣೆಗಾಗಿ 1994ರಲ್ಲಿ ರಚನೆಯಾಗಿ ತಾಂಜಾನಿಯಾದ ಅರುಷಾದಲ್ಲಿ ಕಾರ್ಯ ನಿರ್ವಹಿಸಿದ ಸೋದರ ನ್ಯಾಯಮಂಡಳಿಯಲ್ಲೂ ಇದೇ ಸಮಸ್ಯೆ ಎದುರಾಯಿತು. 1999ರ ಮೇ ತಿಂಗಳಲ್ಲಿ ಸ್ವೀಡನ್‌ನ ಲೆನಾರ್ಟ್ ಆಸ್ಪೆಗ್ರೆನ್ ಅವರಿಗೆ ರುಟಗಾಂಡ ಮತ್ತು ಮುಸೇಮ ಪ್ರಕರಣಗಳನ್ನು ಮುಗಿಸಲು ಭದ್ರತಾ ಮಂಡಳಿ ಅನುಮತಿ ನೀಡಿತು. ಎಂಟೇ ತಿಂಗಳಲ್ಲಿ ಎರಡೂ ತೀರ್ಪು ಹೊರಬಿದ್ದವು.

ಮೂರು ವರ್ಷಕ್ಕೆ ಒಂದು ದಿನ ಕಡಿಮೆ

ಹೇಗ್‌ನಲ್ಲಿ ಬಂಧಿತರ ಸಂಖ್ಯೆ ಏರುತ್ತಿದ್ದಂತೆ ನ್ಯಾಯಾಧೀಶರ ಸಂಖ್ಯೆ 1998ರಲ್ಲಿ 14ಕ್ಕೂ, 2000ದ ನವೆಂಬರ್‌ನಲ್ಲಿ 1329ನೇ ನಿರ್ಣಯದ ಮೂಲಕ 16ಕ್ಕೂ ಏರಿತು. ಇದೇ ನಿರ್ಣಯವು 27 ಮಂದಿ ಹಂಗಾಮಿ ನ್ಯಾಯಾಧೀಶರ ಒಂದು ಪಟ್ಟಿಯನ್ನೂ ಸೃಷ್ಟಿಸಿತು. ಒಂದು ನಿರ್ದಿಷ್ಟ ಮೊಕದ್ದಮೆಗಾಗಿ ಮಾತ್ರ ಕರೆಸಿಕೊಳ್ಳುವ ಇವರನ್ನು ಲ್ಯಾಟಿನ್‌ನಲ್ಲಿ 'ಅಡ್ ಲೈಟೆಮ್' ನ್ಯಾಯಾಧೀಶರೆಂದು ಕರೆಯುತ್ತಾರೆ. ಏಕಕಾಲಕ್ಕೆ ಒಂಬತ್ತು ಮಂದಿಗೆ ಮಿತಿ.

ಇವರ ಸೇವೆಯ ಒಟ್ಟು ಅವಧಿ ಮೂರು ವರ್ಷದವರೆಗೆ, ಆದರೆ ಮೂರು ವರ್ಷ ಪೂರ್ಣವಾಗದಂತೆ ಎಂದು ಶಾಸನ ಹೇಳಿತು. ಖಾಯಂ ನ್ಯಾಯಾಧೀಶರಿಗೆ ದೊರೆಯುವ ಪಿಂಚಣಿಯಂಥ ಹಕ್ಕು ಇವರಿಗೆ ಬೆಳೆಯಬಾರದೆಂಬ ಖಜಾನೆಯ ಲೆಕ್ಕಾಚಾರ ಈ ವಿಚಿತ್ರ ಪದಜೋಡಣೆಯ ಹಿಂದಿತ್ತು. ನ್ಯೂಯಾರ್ಕ್‌ನ ಹಣಕಾಸು ವಿಭಾಗಕ್ಕೆ ಇದು ಜಾಣತನವೆನಿಸಿರಬಹುದು. ಹೇಗ್‌ನಲ್ಲಿ ಮಾತ್ರ ಅದು ಪದೇ ಪದೇ ಕಾಲಿಗೆ ತೊಡರಿತು. ಏಕೆಂದರೆ ಮೂರು ವರ್ಷಕ್ಕಿಂತ ಬೇಗ ಮುಗಿಯುವ ಮೊಕದ್ದಮೆಗಳು ಅಲ್ಲಿ ವಿರಳ.

ಬೋಸ್ನಿಯಾ ಸರ್ಬ್ ಸಂಸತ್ತಿನ ಸ್ಪೀಕರ್ ಆಗಿದ್ದ ಮೊಮ್ಚಿಲೊ ಕ್ರಾಯಿಷ್ನಿಕ್ ಪ್ರಕರಣ ಇದಕ್ಕೆ ಉದಾಹರಣೆ. ಪೀಠದಲ್ಲಿದ್ದ ಸ್ಪೇನ್‌ನ ಹಂಗಾಮಿ ನ್ಯಾಯಾಧೀಶ ಹೊವಾಕಿನ್ ಕಾನಿವೆಲ್ ಅವರ ಮೂರು ವರ್ಷದ ಮಿತಿ ವಿಚಾರಣೆ ಮುಗಿಯುವ ಮುನ್ನವೇ ಭರ್ತಿಯಾಗುವುದಿತ್ತು. ಮೊದಲು 2005ರ ಜನವರಿಯಲ್ಲಿ ಅವರೂ ಸೇರಿದಂತೆ ಹಲವು ಹಂಗಾಮಿ ನ್ಯಾಯಾಧೀಶರಿಗೆ ಚುನಾಯಿತ ಅವಧಿಯ ನಂತರವೂ ಮುಂದುವರಿಯುವ ಅವಕಾಶ ದೊರೆಯಿತು; ಅದು ಸಾಲದೆ 2006ರ ಏಪ್ರಿಲ್‌ನಲ್ಲಿ ಕಾನಿವೆಲ್ ಅವರೊಬ್ಬರಿಗಾಗಿಯೇ 1668ನೇ ನಿರ್ಣಯ ಬೇಕಾಯಿತು. ಹದಿನೈದು ರಾಷ್ಟ್ರಗಳ ಸಭೆಯೊಂದು ಒಬ್ಬ ನ್ಯಾಯಾಧೀಶರ ಸೇವಾ ದಿನಗಳನ್ನು ಎಣಿಸಲು ಕೈಯೆತ್ತಬೇಕಾದ ಪ್ರಸಂಗವಿದು. ತೀರ್ಪು ಅದೇ ಸೆಪ್ಟೆಂಬರ್ 27ರಂದು ಬಂತು. ಕ್ರಾಯಿಷ್ನಿಕ್‌ಗೆ 27 ವರ್ಷ ಸೆರೆ, ಮೇಲ್ಮನವಿಯಲ್ಲಿ 20ಕ್ಕೆ ಇಳಿಕೆ.

ವಿಸ್ತರಣೆ ಸಿಗದಿದ್ದಾಗ

ಪೀಠದ ಮೂವರಲ್ಲಿ ಒಬ್ಬರು ಇಲ್ಲವಾದರೆ ನ್ಯಾಯಮಂಡಳಿಯ ಮುಂದೆ ಎರಡೇ ದಾರಿ. ಮೊದಲಿನಿಂದ ವಿಚಾರಣೆ ನಡೆಸುವುದು, ಇಲ್ಲವೇ ಬದಲಿ ನ್ಯಾಯಾಧೀಶರು ದಾಖಲೆಗಳನ್ನು ಓದಿಕೊಂಡು ನಡುವೆ ಸೇರಿಕೊಳ್ಳುವುದು. ಎರಡನೆಯದಕ್ಕೆ ಆರೋಪಿಯ ಒಪ್ಪಿಗೆ ಬೇಕೆಂಬ ನಿಯಮವಿತ್ತು. ಒಪ್ಪಿಗೆ ಇಲ್ಲದಿದ್ದರೂ ನ್ಯಾಯದ ಹಿತಕ್ಕೆ ತಕ್ಕುದಾದರೆ ಉಳಿದ ಇಬ್ಬರು ಮುಂದುವರಿಸಬಹುದೆಂದು ನಂತರ ಅದನ್ನು ಸಡಿಲಿಸಲಾಯಿತು.

ಈ ಸಡಿಲಿಕೆಯ ಬೆಲೆ ಎಷ್ಟೆಂಬುದು ಅರುಷಾದ 'ಬುಟಾರೆ' ಪ್ರಕರಣದಲ್ಲಿ ಕಾಣಸಿಗುತ್ತದೆ. ಮಹಿಳಾ ಕಲ್ಯಾಣ ಸಚಿವೆಯಾಗಿದ್ದ ಪಾಲಿನ್ ನ್ಯಿರಾಮಸುಹುಕೊ, ಆಕೆಯ ಮಗ ಹಾಗೂ ಇತರ ನಾಲ್ವರ ವಿರುದ್ಧದ ವಿಚಾರಣೆ 2001ರ ಜೂನ್‌ನಲ್ಲಿ ಆರಂಭವಾಗಿತ್ತು. ಪೀಠದಲ್ಲಿದ್ದ ಲೆಸೊಥೊದ ನ್ಯಾಯಾಧೀಶ ವಿನ್ಸ್ಟನ್ ಮಕುಟು 2003ರ ಮೇ ತಿಂಗಳಿಗೆ ಅವಧಿ ಮುಗಿಸಿದರು. ಕಜೆಲಿಜೆಲಿ ಮತ್ತು ಕಮುಹಂಡ ಪ್ರಕರಣಗಳನ್ನು ಮುಗಿಸಲು ಭದ್ರತಾ ಮಂಡಳಿ ಅವರಿಗೆ ಅವಕಾಶ ಕೊಟ್ಟಿತು, ಆದರೆ ಬುಟಾರೆ ಪ್ರಕರಣಕ್ಕೆ ಕೊಡಲಿಲ್ಲ. ಉಳಿದಿಬ್ಬರು ಬದಲಿ ನ್ಯಾಯಾಧೀಶರೊಂದಿಗೆ ಮುಂದುವರಿಯಲು ನಿರ್ಧರಿಸಿದರು. ಮೇಲ್ಮನವಿ ಪೀಠ ಅದನ್ನು ಬಹುಮತದಿಂದ ಎತ್ತಿಹಿಡಿಯಿತು. ಉಗಾಂಡದ ಸೊಲೊಮಿ ಬಾಲುಂಗಿ ಬೊಸ್ಸ ಪೀಠಕ್ಕೆ ಬಂದರು. ತೀರ್ಪು ಬರುವ ಹೊತ್ತಿಗೆ 2011ರ ಜೂನ್ 24. ಹತ್ತು ವರ್ಷ ಕಳೆದಿತ್ತು. ನರಮೇಧದ ಅಪರಾಧಕ್ಕೆ ಅಂತಾರಾಷ್ಟ್ರೀಯ ನ್ಯಾಯಾಲಯದಿಂದ ಶಿಕ್ಷೆಗೊಳಗಾದ ಮೊದಲ ಮಹಿಳೆ ನ್ಯಿರಾಮಸುಹುಕೊ.

ಹೇಗ್‌ನಲ್ಲಿ ಸ್ಲೊಬೊಡಾನ್ ಮಿಲೊಸೆವಿಚ್ ವಿಚಾರಣೆಯ ಪೀಠಾಧ್ಯಕ್ಷ, ಬ್ರಿಟನ್ನಿನ ರಿಚರ್ಡ್ ಮೇ ಅವರು 2004ರಲ್ಲಿ ಅನಾರೋಗ್ಯದಿಂದ ನಿವೃತ್ತರಾಗಿ, ಕೆಲವೇ ತಿಂಗಳಲ್ಲಿ ನಿಧನರಾದರು. ಅವರ ಸ್ಥಾನಕ್ಕೆ ಸ್ಕಾಟ್ಲೆಂಡಿನ ಇಯಾನ್ ಬೊನೊಮಿ ಬಂದು, ಅಲ್ಲಿಯವರೆಗಿನ ಎರಡು ವರ್ಷದ ದಾಖಲೆಗಳನ್ನು ಓದಬೇಕಾಯಿತು. ಈ ಎಲ್ಲ ಶ್ರಮ ಕೊನೆಗೆ ವ್ಯರ್ಥವಾಯಿತು: 2006ರ ಮಾರ್ಚ್ 11ರಂದು ಮಿಲೊಸೆವಿಚ್ ಸೆರೆಮನೆಯಲ್ಲೇ ಮೃತಪಟ್ಟು, ನಾಲ್ಕು ವರ್ಷದ ವಿಚಾರಣೆ ತೀರ್ಪಿಲ್ಲದೆ ನಿಂತುಹೋಯಿತು. ವಿಳಂಬದ ವಿಷಯದಲ್ಲಿ ಭದ್ರತಾ ಮಂಡಳಿಯ ಸಹನೆ ಕಡಿಮೆಯಾಗಲು ಇದೂ ಒಂದು ಕಾರಣವೆಂದರೆ ತಪ್ಪಾಗಲಾರದು.

ಸರ್ಬಿಯಾದ ರಾಷ್ಟ್ರವಾದಿ ನಾಯಕ ವೊಯಿಸ್ಲಾವ್ ಶೆಶೆಲ್ ಪ್ರಕರಣ ಇನ್ನಷ್ಟು ಜಟಿಲ. ಆತ ಶರಣಾದದ್ದು 2003ರಲ್ಲಿ, ವಾದ-ಪ್ರತಿವಾದ ಮುಗಿದದ್ದು 2012ರ ಮಾರ್ಚ್‌ನಲ್ಲಿ. ತೀರ್ಪಿಗೆ ಕಾಯುತ್ತಿರುವಾಗ, ಪೀಠದಲ್ಲಿದ್ದ ಡೆನ್ಮಾರ್ಕ್‌ನ ಫ್ರೆಡರಿಕ್ ಹಾರ್ಹಾಫ್ ಅವರ ಖಾಸಗಿ ಪತ್ರವೊಂದು ಬಹಿರಂಗವಾಯಿತು. ಸೇನಾಧಿಕಾರಿಗಳ ಬಿಡುಗಡೆಯ ತೀರ್ಪುಗಳನ್ನು ಟೀಕಿಸಿದ್ದ ಆ ಪತ್ರದಲ್ಲಿ ಪಕ್ಷಪಾತದ ಛಾಯೆಯಿದೆಯೆಂದು 2013ರ ಆಗಸ್ಟ್‌ನಲ್ಲಿ ಅವರನ್ನು ಪೀಠದಿಂದ ಅನರ್ಹಗೊಳಿಸಲಾಯಿತು. ಒಬ್ಬ ಸಾಕ್ಷಿಯ ಮುಖವನ್ನೂ ನೋಡದ ಸೆನೆಗಲ್‌ನ ಮಾಂಡಿಯಾಯ್ ನಿಯಾಂಗ್ ಅವರು ವರ್ಷಗಳ ದಾಖಲೆ ಓದಿ ತೀರ್ಪಿನಲ್ಲಿ ಪಾಲ್ಗೊಳ್ಳಬೇಕಾಯಿತು. 2016ರ ಮಾರ್ಚ್ 31ರಂದು, ಅಂದರೆ ಆ ಪೀಠಕ್ಕೆ ನೀಡಿದ್ದ ವಿಸ್ತರಣೆಯ ಕಟ್ಟಕಡೆಯ ದಿನ, ಶೆಶೆಲ್ ಬಿಡುಗಡೆಯ ತೀರ್ಪು ಹೊರಬಿತ್ತು. ಎರಡು ವರ್ಷದ ಬಳಿಕ ಮೇಲ್ಮನವಿಯಲ್ಲಿ ಅದು ಭಾಗಶಃ ರದ್ದಾಗಿ ಹತ್ತು ವರ್ಷದ ಸೆರೆಯಾಯಿತು. ಆ ಅವಧಿಯನ್ನು ಆತ ವಿಚಾರಣಾಧೀನ ಕೈದಿಯಾಗಿಯೇ ಕಳೆದಾಗಿತ್ತು.

ವರ್ಷಕ್ಕೊಂದು ನಿರ್ಣಯ

ಭದ್ರತಾ ಮಂಡಳಿಯು 2003ರ 1503ನೇ ನಿರ್ಣಯದಲ್ಲಿ ಗುರಿ ನಿಗದಿ ಮಾಡಿತ್ತು: ತನಿಖೆ 2004ರೊಳಗೆ, ವಿಚಾರಣೆಗಳು 2008ರೊಳಗೆ, ಎಲ್ಲ ಕೆಲಸವೂ 2010ರಲ್ಲಿ ಮುಗಿಯಬೇಕು. ಆದರೆ ಮುಖ್ಯ ಆರೋಪಿಗಳು ಸಿಕ್ಕಿದ್ದೇ ತಡವಾಗಿ. ರಾಡೋವಾನ್ ಕರಾಡ್ಜಿಚ್ 2008ರ ಜುಲೈನಲ್ಲಿ, ಮ್ಲಾಡಿಚ್ 2011ರ ಮೇ ತಿಂಗಳಲ್ಲಿ, ಕೊನೆಯವನಾದ ಗೊರಾನ್ ಹಾಜಿಚ್ ಅದೇ ಜುಲೈನಲ್ಲಿ ಸೆರೆಯಾದರು. ಒಟ್ಟು 161 ಆರೋಪಿಗಳಲ್ಲಿ ತಲೆಮರೆಸಿಕೊಂಡವರು ಯಾರೂ ಉಳಿಯಲಿಲ್ಲವೆಂಬುದು ಈ ನ್ಯಾಯಮಂಡಳಿಯ ಹೆಗ್ಗಳಿಕೆ. ಆದರೆ ಅದೇ ಕಾರಣಕ್ಕೆ ಅದರ ಬಾಗಿಲು ಮುಚ್ಚುವ ದಿನವೂ ಮುಂದಕ್ಕೆ ಹೋಯಿತು.

ಹೀಗಾಗಿ 2008ರ ಸೆಪ್ಟೆಂಬರ್‌ನ 1837ನೇ ನಿರ್ಣಯದಿಂದಾಚೆಗೆ ವಿಸ್ತರಣೆಯು ಒಬ್ಬಿಬ್ಬರಿಗೆ ಸೀಮಿತವಾಗಲಿಲ್ಲ, ಇಡೀ ನ್ಯಾಯಪೀಠಕ್ಕೇ ಅನ್ವಯಿಸಿತು. ಕ್ರಮವೂ ಸ್ಥಿರವಾಯಿತು. ನ್ಯಾಯಮಂಡಳಿಯ ಅಧ್ಯಕ್ಷರು ಯಾವ ಪ್ರಕರಣಕ್ಕೆ ಎಷ್ಟು ತಿಂಗಳು ಬೇಕೆಂದು ಅಂದಾಜಿಸಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗೆ ಬರೆಯುವುದು. ಅವರು ಭದ್ರತಾ ಮಂಡಳಿಗೂ ಮಹಾಸಭೆಗೂ ಪತ್ರ ಕಳುಹಿಸುವುದು. ಮಂಡಳಿ ನ್ಯಾಯಾಧೀಶರ ಹೆಸರು, ದಿನಾಂಕಗಳನ್ನು ನಮೂದಿಸಿ ನಿರ್ಣಯ ಅಂಗೀಕರಿಸುವುದು. 'ಇಂಥ ದಿನದವರೆಗೆ, ಅಥವಾ ಪ್ರಕರಣ ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ' ಎಂಬ ವಾಕ್ಯ ಪ್ರತಿಯೊಂದರಲ್ಲೂ ಇರುತ್ತಿತ್ತು. 2009ರ ಡಿಸೆಂಬರ್‌ನಲ್ಲಿ ಸ್ರೆಬ್ರೆನಿಕಾ ಹತ್ಯಾಕಾಂಡಕ್ಕೆ ಸಂಬಂಧಿಸಿದ ಪೊಪೊವಿಚ್ ಪ್ರಕರಣದ ಇಬ್ಬರು ನ್ಯಾಯಾಧೀಶರಿಗಾಗಿಯೇ ಪ್ರತ್ಯೇಕ ನಿರ್ಣಯ ಹೊರಬಿತ್ತು.

ಇತ್ತ ಸಿಬ್ಬಂದಿ ಬೇರೆಡೆ ಖಾಯಂ ಕೆಲಸ ಹುಡುಕಿಕೊಂಡು ಹೊರಡುತ್ತಿದ್ದರು. ಮುಚ್ಚುವ ಸಂಸ್ಥೆಯಲ್ಲಿ ಕೊನೆಯವರೆಗೆ ಯಾರು ಉಳಿಯುತ್ತಾರೆ? ಅಧ್ಯಕ್ಷರಾಗಿದ್ದ ಪ್ಯಾಟ್ರಿಕ್ ರಾಬಿನ್ಸನ್ ಈ ದೂರನ್ನು ಭದ್ರತಾ ಮಂಡಳಿಯ ಮುಂದೆ ಹಲವು ಬಾರಿ ಇಟ್ಟರು. ತೀರ್ಪಿನ ಕರಡು ಸಿದ್ಧಪಡಿಸುವ ಅನುಭವಿಗಳು ಹೋದಂತೆಲ್ಲ ತೀರ್ಪು ತಡವಾಯಿತು, ತೀರ್ಪು ತಡವಾದಂತೆಲ್ಲ ವಿಸ್ತರಣೆ ಬೇಕಾಯಿತು.

ಬಹುಕಾಲ ಈ ನಿರ್ಣಯಗಳಿಗೆ ವಿರೋಧವಿರಲಿಲ್ಲ. 2012ರ ಡಿಸೆಂಬರ್ 17ರಂದು 2081ನೇ ನಿರ್ಣಯ ಮತಕ್ಕೆ ಬಂದಾಗ ರಷ್ಯಾ ತಟಸ್ಥವಾಯಿತು. ಆಗ ಮಂಡಳಿಯ ಸದಸ್ಯನಾಗಿದ್ದ ಭಾರತವೂ ಸೇರಿ ಉಳಿದ ಹದಿನಾಲ್ಕು ರಾಷ್ಟ್ರಗಳು ಪರವಾಗಿ ಮತ ನೀಡಿದವು. ಅದಕ್ಕೆ ಒಂದು ತಿಂಗಳು ಮುಂಚೆ ಕ್ರೊಯೇಷಿಯಾದ ಸೇನಾನಿ ಗೊಟೊವಿನಾ ಮೇಲ್ಮನವಿಯಲ್ಲಿ ಬಿಡುಗಡೆಯಾಗಿದ್ದರು, ಕೊಸೊವೊದ ಹರದಿನಾಜ್ ಮರುವಿಚಾರಣೆಯಲ್ಲಿ ನಿರ್ದೋಷಿಯೆನಿಸಿದ್ದರು; ಸರ್ಬಿಯಾದಲ್ಲೂ ಮಾಸ್ಕೊದಲ್ಲೂ ಅಸಮಾಧಾನ ಎದ್ದಿತ್ತು. 2013, 2014, 2015ರ ವಿಸ್ತರಣೆಗಳಲ್ಲೂ ರಷ್ಯಾ ತಟಸ್ಥವಾಗಿಯೇ ಉಳಿಯಿತು. ತಟಸ್ಥ ಮತವು ವೀಟೊ ಅಲ್ಲ ಎಂಬುದೇನೋ ನಿಜ. ಆದರೆ ಅದೇ ಕೈ ವಿರೋಧವಾಗಿ ಎದ್ದಿದ್ದರೆ ಕರಾಡ್ಜಿಚ್ ಮತ್ತು ಮ್ಲಾಡಿಚ್ ವಿಚಾರಣೆಗಳು ತೀರ್ಪಿನ ಹೊಸ್ತಿಲಲ್ಲಿ ನಿಲ್ಲಬೇಕಾಗುತ್ತಿತ್ತು. ಒಂದು ನ್ಯಾಯಾಲಯದ ಬದುಕು ಇಷ್ಟು ತೆಳುವಾದ ದಾರದಲ್ಲಿ ತೂಗುವುದು ಆರೋಗ್ಯಕರವಲ್ಲ. ಸ್ರೆಬ್ರೆನಿಕಾದಲ್ಲಿ ಗಂಡ, ಮಕ್ಕಳನ್ನು ಕಳೆದುಕೊಂಡು ಎರಡು ದಶಕ ಕಾದ ತಾಯಂದಿರ ದೃಷ್ಟಿಯಿಂದಲೂ ಅಲ್ಲ, ತೀರ್ಪಿಲ್ಲದೆ ಸೆರೆಯಲ್ಲಿರುವ ಆರೋಪಿಯ ದೃಷ್ಟಿಯಿಂದಲೂ ಅಲ್ಲ.

ಕೊನೆಯ ವಿಸ್ತರಣೆ 2016ರ ಡಿಸೆಂಬರ್‌ನ 2329ನೇ ನಿರ್ಣಯ. ಗಡುವು 2017ರ ನವೆಂಬರ್ 30. ಮ್ಲಾಡಿಚ್ ತೀರ್ಪು ಎಂಟು ದಿನ ಮೊದಲು, ಪ್ರಿಲಿಚ್ ಮತ್ತಿತರರ ಮೇಲ್ಮನವಿ ತೀರ್ಪು ಒಂದೇ ದಿನ ಮೊದಲು ಬಂತು. ತೀರ್ಪು ಓದುತ್ತಿರುವಾಗಲೇ ಸ್ಲೊಬೊಡಾನ್ ಪ್ರಲ್ಯಾಕ್ ನ್ಯಾಯಾಲಯದಲ್ಲಿ ವಿಷ ಕುಡಿದು ಪ್ರಾಣಬಿಟ್ಟದ್ದು ಆ ದಿನವೇ. ಡಿಸೆಂಬರ್ 31ರಂದು ನ್ಯಾಯಮಂಡಳಿ ಮುಚ್ಚಿತು. ಹಾಜಿಚ್ ವಿಚಾರಣೆ ಮಾತ್ರ ಪೂರ್ಣವಾಗಲೇ ಇಲ್ಲ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಆತ 2016ರ ಜುಲೈನಲ್ಲಿ ಮೃತಪಟ್ಟಿದ್ದ.

ಮರುನೇಮಕವಾಗದ ಒಬ್ಬ ನ್ಯಾಯಾಧೀಶ

ಎರಡೂ ನ್ಯಾಯಮಂಡಳಿಗಳ ಉಳಿದ ಕೆಲಸ ನೋಡಿಕೊಳ್ಳಲು 2010ರ 1966ನೇ ನಿರ್ಣಯದಂತೆ 'ಅವಶಿಷ್ಟ ವ್ಯವಸ್ಥೆ'ಯೊಂದು ರೂಪುಗೊಂಡಿತು. ಇಲ್ಲಿನ 25 ನ್ಯಾಯಾಧೀಶರು ಕರೆ ಬಂದಾಗ ಮಾತ್ರ ಕೆಲಸ ಮಾಡುವವರು, ಬಹುಪಾಲು ತಮ್ಮ ತಮ್ಮ ದೇಶದಲ್ಲೇ ಕುಳಿತು. ಮೊದಲ ನಾಲ್ಕು ವರ್ಷದ ಅವಧಿ ಮುಗಿದ ಮೇಲೆ ಅವರನ್ನು ಮರುನೇಮಕ ಮಾಡುವ ಅಧಿಕಾರ ಮಹಾಕಾರ್ಯದರ್ಶಿಯದು. ಭದ್ರತಾ ಮಂಡಳಿ ಹಾಗೂ ಮಹಾಸಭೆಯ ಅಧ್ಯಕ್ಷರೊಂದಿಗೆ ಸಮಾಲೋಚಿಸಿದರೆ ಸಾಕು. 2016ರಲ್ಲಿ ಮರುನೇಮಕ ಎರಡು ವರ್ಷಕ್ಕೆ ಆಯಿತು.

ಟರ್ಕಿಯ ಐದಿನ್ ಸೆಫಾ ಅಕಾಯ್ ಈ ಪಟ್ಟಿಯಲ್ಲಿದ್ದವರು. ರುವಾಂಡದ ಮಾಜಿ ಸಚಿವ ಆಗಸ್ಟಿನ್ ನಿರಾಬತ್ವಾರೆಯ ಪುನರ್ವಿಮರ್ಶೆ ಅರ್ಜಿಯ ಪೀಠದಲ್ಲಿದ್ದ ಅವರನ್ನು, 2016ರ ಸೇನಾ ದಂಗೆಯ ಯತ್ನದ ನಂತರ ಟರ್ಕಿ ಸರ್ಕಾರ ಸೆಪ್ಟೆಂಬರ್‌ನಲ್ಲಿ ಬಂಧಿಸಿತು. ವಿಶ್ವಸಂಸ್ಥೆ ಅವರಿಗೆ ರಾಜತಾಂತ್ರಿಕ ರಕ್ಷಣೆಯಿದೆಯೆಂದು ಹೇಳಿತು. ಅಧ್ಯಕ್ಷ ಥಿಯೊಡೋರ್ ಮೆರಾನ್ 2017ರ ಜನವರಿಯಲ್ಲಿ ಬಿಡುಗಡೆಗೆ ಆದೇಶಿಸಿದರು. ಟರ್ಕಿ ಪಾಲಿಸಲಿಲ್ಲ. ವಿಷಯ ಭದ್ರತಾ ಮಂಡಳಿಗೆ ಹೋದರೂ ಪರಿಣಾಮವಾಗಲಿಲ್ಲ. ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಅವರಿಗೆ ಏಳೂವರೆ ವರ್ಷ ಶಿಕ್ಷೆ ವಿಧಿಸಿ, ಮೇಲ್ಮನವಿ ಇತ್ಯರ್ಥವಾಗುವವರೆಗೆ ಹೊರಬಿಟ್ಟಿತು. 2018ರ ಮಧ್ಯದಲ್ಲಿ ಎಲ್ಲರ ಅವಧಿ ನವೀಕರಣವಾಗುವಾಗ ಮಹಾಕಾರ್ಯದರ್ಶಿಯವರು ಅಕಾಯ್ ಹೆಸರನ್ನು ಕೈಬಿಟ್ಟರು. ಟರ್ಕಿ ಸರ್ಕಾರದ ಆಕ್ಷೇಪವೇ ಅದರ ಹಿಂದಿನ ಕಾರಣ. ಮೆರಾನ್ ಬಹಿರಂಗವಾಗಿ ಪ್ರತಿಭಟಿಸಿದರು. ಒಬ್ಬ ನ್ಯಾಯಾಧೀಶನನ್ನು ವಜಾ ಮಾಡಲು ಯಾವ ಸರ್ಕಾರಕ್ಕೂ ಅಧಿಕಾರವಿಲ್ಲ. ಆದರೆ ಅವಧಿ ಮುಂದುವರಿಯದಂತೆ ನೋಡಿಕೊಂಡರೆ ಫಲಿತಾಂಶ ಅದೇ ಅಲ್ಲವೇ? ಈ ವ್ಯವಸ್ಥೆಯ ನಿಜವಾದ ದೌರ್ಬಲ್ಯ ತೆರೆದುಕೊಂಡದ್ದು ಇಲ್ಲಿ.

ಹೇಗ್‌ನ ಖಾಯಂ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವನ್ನು ರೂಪಿಸಿದವರು ಈ ಪಾಠವನ್ನು ಭಾಗಶಃ ಕಲಿತಿದ್ದರು. ಭಾರತ ಸೇರದೆ ಉಳಿದಿರುವ ಆ ನ್ಯಾಯಾಲಯದ ರೋಮ್ ಶಾಸನದಲ್ಲಿ ನ್ಯಾಯಾಧೀಶರಿಗೆ ಒಂಬತ್ತು ವರ್ಷ, ಮರು ಆಯ್ಕೆಯಿಲ್ಲ. ಜೊತೆಗೆ 36ನೇ ವಿಧಿಯ 10ನೇ ಪರಿಚ್ಛೇದ: ವಿಚಾರಣೆ ಆರಂಭವಾಗಿದ್ದರೆ ಅವಧಿ ಮುಗಿದರೂ ಆ ನ್ಯಾಯಾಧೀಶರು ಮುಗಿಯುವ ತನಕ ಮುಂದುವರಿಯತಕ್ಕದ್ದು. ಯಾರ ಮತವೂ ಬೇಕಿಲ್ಲ. ಚೆಲೆಬಿಚಿಯ ಅದೇ ಒಡಿಯೊ ಬೆನಿಟೊ ಮುಂದೆ ಈ ನ್ಯಾಯಾಲಯಕ್ಕೆ ಬಂದು, ಕಾಂಗೊದ ಲುಬಾಂಗಾ ಮೊಕದ್ದಮೆಯನ್ನು ಈ ವಿಧಿಯ ಆಸರೆಯಲ್ಲೇ 2012ರಲ್ಲಿ ಪೂರ್ಣಗೊಳಿಸಿದರು.

ಹಾಗೆಂದು ಹಳೆಯ ತಕರಾರು ಪೂರ್ತಿ ತೊಲಗಲಿಲ್ಲ. ಕಾಂಗೊದ ಬಂಡುಕೋರ ನಾಯಕ ಬೊಸ್ಕೊ ನ್ಟಾಗಾಂಡನ ಪ್ರಕರಣಕ್ಕಾಗಿ ವಿಸ್ತರಿತ ಅವಧಿಯಲ್ಲಿದ್ದ ಜಪಾನಿನ ಕುನಿಕೊ ಒಜಾಕಿ ಅವರು 2019ರಲ್ಲಿ ಎಸ್ಟೋನಿಯಾಕ್ಕೆ ತಮ್ಮ ದೇಶದ ರಾಯಭಾರಿಯಾಗಿ ನೇಮಕಗೊಂಡರು. ಎರಡೂ ಹುದ್ದೆ ನಿರ್ವಹಿಸಲು ಸಹ ನ್ಯಾಯಾಧೀಶರು ಬಹುಮತದಿಂದ ಒಪ್ಪಿದರು. ಆರೋಪಿಯ ವಕೀಲರು ಆಕ್ಷೇಪಿಸಿದರು. ಏಪ್ರಿಲ್‌ನಲ್ಲಿ ಒಜಾಕಿ ರಾಯಭಾರಿ ಹುದ್ದೆಗೆ ರಾಜೀನಾಮೆ ನೀಡಿ ಪೀಠದಲ್ಲೇ ಉಳಿದರು. ಜುಲೈ 8ರಂದು ನ್ಟಾಗಾಂಡ ದೋಷಿಯೆಂದು ತೀರ್ಪಾಯಿತು.